ಹುಲ್ಲಿನ ಲೆಕ್ಕ ಬರೆಯುವವರು ಯಾರು?

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಒಣಹುಲ್ಲಿನ ಬಗ್ಗೆ ಲೇಖನವೇ ಎಂದು ಕೆಲವು ಮಿತ್ರರು ನಗಬಹುದು. ನಗಲಿ. ನಮ್ಮ ಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಎರಡು ಮೂರು ಕವಿತೆಗಳಲ್ಲಾದರೂ ಹಸಿರು ಹುಲ್ಲು ಬರುತ್ತದೆ, ಅದರ ಮೇಲೆ ತಪ್ಪದೆ ಮಂಜಿನ ಹನಿಯೂ ಬರುತ್ತದೆ. ಆ ಹುಲ್ಲು ಒಣಗಿದ ಮೇಲೆ ಏನಾಯಿತು, ಎಷ್ಟಕ್ಕೆ ಹೋಯಿತು, ಕೊಂಡವರು ಯಾರು ಎಂದು ಯಾವ ಕವಿಯೂ ಕೇಳುವುದಿಲ್ಲ. ಅದು ಕವಿಯ ತಪ್ಪಲ್ಲ ಬಿಡಿ. ಕೇಳಬೇಕಾದವರು ಕಾಮರ್ಸ್ ಓದುವ ನಮ್ಮಂಥವರು. ನಾವೂ ಕೇಳುತ್ತಿಲ್ಲ ಎಂಬುದೇ ನನ್ನ ತಕರಾರು.

ಹೈದರಾಬಾದಿಗೆ ಓದಲು ಬಂದ ಕನ್ನಡದ ಹುಡುಗ ಹುಡುಗಿಯರಲ್ಲಿ ಬಹಳ ಜನ ರಾಯಚೂರು, ಕೊಪ್ಪಳ, ಯಾದಗಿರಿ, ಬೀದರ ಕಡೆಯವರು. ಗೊಬ್ಬರದ ರೇಟು ಏರಿತು ಅಂದರೆ ನಮಗೆ ಗೊತ್ತಾಗಲು ಪೇಪರ್ ಬೇಕಿಲ್ಲ, ಮನೆಯಿಂದ ಬರುವ ಫೋನಿನಲ್ಲೇ ಗೊತ್ತಾಗುತ್ತದೆ. 'ಸರ್ಕಾರಿ ಗೊಬ್ಬರ ತುಟ್ಟಿ ಆತು, ನೆಲ್ಲಿನ ರೇಟು ಮಾತ್ರ ಅಲ್ಲೇ ಅದ' ಎಂಬ ಮಾತು ಪ್ರತಿ ವರ್ಷದ್ದು. ಮಾತು ಸರಿಯೇ. 1980ರ ನರಗುಂದ-ನವಲಗುಂದದ ರೈತ ಹೋರಾಟದಿಂದ ಈಚೆಗೆ ಬೆಳೆಗೆ ವೈಜ್ಞಾನಿಕ ಬೆಲೆ ಬೇಕೆಂಬ ಕೂಗು ನಮ್ಮ ನಾಡಿನಲ್ಲಿ ನಿಂತೇ ಇಲ್ಲ. ಆದರೆ ಆ ಕೂಗೆಲ್ಲ ಕಾಳಿಗೆ. ಗೊಬ್ಬರ ಹಾಕಿದಾಗ ಬೆಳೆಯುವುದು ಕಾಳೊಂದೇ ಅಲ್ಲ, ಹುಲ್ಲೂ ಬೆಳೆಯುತ್ತದೆ. ಗೊಬ್ಬರದ ಬೆಲೆ ಏರಿದಾಗ ಹುಲ್ಲಿನ ಬೆಲೆಗೆ ಏನಾಗುತ್ತದೆ, ಏನಾಗಬೇಕು? ಇದು ನನ್ನ ಪ್ರಶ್ನೆ.

ಮೊದಲು ಗೊಬ್ಬರದ ಕಡೆ ನೋಡೋಣ. ಎಲ್ಲ ಗೊಬ್ಬರದ ಬೆಲೆಯೂ ಒಂದೇ ರೀತಿ ಏರಿಲ್ಲ, ಇದನ್ನು ನೆನಪಿಡಬೇಕು. ಯೂರಿಯಾದ ಬೆಲೆ ಕೇಂದ್ರ ಸರ್ಕಾರದ ಕೈಯಲ್ಲಿದೆ. 2018ರಲ್ಲಿ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿಯಿತು. ಬೇವಿನ ಲೇಪ, ತೆರಿಗೆ ಎಲ್ಲ ಸೇರಿ ಆ ಚೀಲಕ್ಕೆ 266 ರೂ. 50 ಪೈಸೆಯಂತೆ ನಿಂತಿತು. ಡಿ.ಎ.ಪಿ. ಮತ್ತು ಪೊಟ್ಯಾಷಿನ ಕಥೆ ಬೇರೆ. 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ಎಂಬ ಪದ್ಧತಿ ಬಂತು. ಸರ್ಕಾರ ಕಿಲೋಗೆ ಇಷ್ಟು ಎಂದು ಸಬ್ಸಿಡಿ ಗೊತ್ತುಮಾಡಿ, ಉಳಿದ ಬೆಲೆಯನ್ನು ಕಂಪನಿಗಳಿಗೆ ಬಿಟ್ಟಿತು. ಅದಕ್ಕೂ ಮುಂಚೆ ಒಂದು ಚೀಲ ಪೊಟ್ಯಾಷಿಗೆ 223 ರೂ. ಆಸುಪಾಸು ಇತ್ತು. ಎರಡು ಮೂರು ವರ್ಷದೊಳಗೆ ಅದು 800 ದಾಟಿತು. ಆಮೇಲೆ 2021-22ರ ಏರಿಕೆ. ನೈಸರ್ಗಿಕ ಅನಿಲ ತುಟ್ಟಿಯಾಯಿತು, ಚೀನಾ ರಫ್ತಿಗೆ ತಡೆ ಹಾಕಿತು, ಪೊಟ್ಯಾಷ್ ಕಳಿಸುವ ಬೆಲಾರುಸ್ ಮೇಲೆ ನಿರ್ಬಂಧ ಬಂತು, 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. 2020ರಲ್ಲಿ ಸಾವಿರದೊಳಗಿದ್ದ ಪೊಟ್ಯಾಷ್ ಚೀಲ 2022ರಲ್ಲಿ 1700 ರೂ. ಮುಟ್ಟಿತು. ನಮ್ಮ ದೇಶ ಪೊಟ್ಯಾಷಿಗೆ ಹೊರದೇಶಗಳನ್ನೇ ನಂಬಿದೆ. ಬೆಲಾರುಸ್‌ನಲ್ಲಿ ಏನಾದರೂ ಆದರೆ ಅದರ ಬಿಲ್ಲು ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ಹರಿಯುತ್ತದೆ.

ಡಿ.ಎ.ಪಿ.ಯನ್ನು ಸರ್ಕಾರ ಸ್ವಲ್ಪ ಹಿಡಿದು ನಿಲ್ಲಿಸಿತು. 2021ರ ಮೇ ತಿಂಗಳಲ್ಲಿ ಚೀಲದ ನಿಜವಾದ ಬೆಲೆ 2400 ಆದಾಗ ಸಬ್ಸಿಡಿಯನ್ನು 500ರಿಂದ 1200ಕ್ಕೆ ಏರಿಸಿ, ರೈತನಿಗೆ 1200ಕ್ಕೆ ಸಿಗುವಂತೆ ಮಾಡಿತು. 2022ರಲ್ಲಿ ಅದು 1350 ಆಯಿತು. ಆ ಒಂದು ವರ್ಷದ, ಅಂದರೆ 2022-23ರ, ಒಟ್ಟು ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂ. ಆದ್ದರಿಂದ ಸರ್ಕಾರ ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ರಕ್ಷಣೆ ಹೆಚ್ಚಾಗಿ ಯೂರಿಯಾಕ್ಕೆ, ಆಮೇಲೆ ಡಿ.ಎ.ಪಿ.ಗೆ ಸಿಕ್ಕಿತು. ಪೊಟ್ಯಾಷ್ ಬಯಲಲ್ಲೇ ಉಳಿಯಿತು.

ಈಗ ಹುಲ್ಲಿಗೆ ಬರುತ್ತೇನೆ. ಭತ್ತದ ಗಿಡ ಭೂಮಿಯಿಂದ ಎಳೆದುಕೊಳ್ಳುವ ಸಾರದಲ್ಲಿ ರಂಜಕ ಹೆಚ್ಚಾಗಿ ಕಾಳಿಗೆ ಹೋಗುತ್ತದೆ. ಪೊಟ್ಯಾಷ್ ಹಾಗಲ್ಲ. ಸುಮಾರು ಐದರಲ್ಲಿ ನಾಲ್ಕು ಪಾಲು ಹುಲ್ಲಿನಲ್ಲೇ ಉಳಿಯುತ್ತದೆ. ಒಂದು ಟನ್ ಒಣ ಭತ್ತದ ಹುಲ್ಲಿನಲ್ಲಿ, ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕದಲ್ಲೇ ಹೇಳುವುದಾದರೆ, ಸಾರಜನಕ 5ರಿಂದ 8 ಕಿಲೋ, ರಂಜಕ 2 ಕಿಲೋದ ಆಸುಪಾಸು, ಪೊಟ್ಯಾಷ್ 14ರಿಂದ 20 ಕಿಲೋ ಇರುತ್ತದೆ. ಕೃಷಿ ವಿಜ್ಞಾನ ಓದುವವರಿಗೆ ಇದು ಹಳೆಯ ಪಾಠ. ನಾವು ಕಾಮರ್ಸಿನವರು ಮಾಡಬೇಕಾದದ್ದು ಇದಕ್ಕೆ ರೇಟು ಹಾಕುವ ಕೆಲಸ ಅಷ್ಟೇ.

ಹಾಕಿ ನೋಡಿದೆ. ಪೊಟ್ಯಾಷ್ ಚೀಲ 50 ಕಿಲೋ, ಅದರಲ್ಲಿ ನೂರಕ್ಕೆ 60 ಸಾರ, ಅಂದರೆ 30 ಕಿಲೋ. ಚೀಲಕ್ಕೆ 1700 ಆದರೆ ಸಾರ ಕಿಲೋಗೆ 57 ರೂ. ಹತ್ತಿರ. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. 45 ಕಿಲೋ ಚೀಲದಲ್ಲಿ 20 ಕಿಲೋ 700 ಗ್ರಾಂ. ಕಿಲೋಗೆ 13 ರೂ.ಗೂ ಕಡಿಮೆ. ಡಿ.ಎ.ಪಿ. ಚೀಲದ ಬೆಲೆಯಲ್ಲಿ ಅದರೊಳಗಿನ ಸಾರಜನಕದ ಪಾಲನ್ನು ಕಳೆದರೆ ರಂಜಕ ಕಿಲೋಗೆ ಸುಮಾರು 54 ರೂ. ಬೀಳುತ್ತದೆ. ಒಂದು ಟನ್ ಹುಲ್ಲಿನಲ್ಲಿ ಪೊಟ್ಯಾಷ್ 15, ಸಾರಜನಕ 6, ರಂಜಕ 2 ಕಿಲೋ ಎಂದು ಹಿಡಿಯಿರಿ. ಪೊಟ್ಯಾಷಿಗೆ 850, ಸಾರಜನಕಕ್ಕೆ 77, ರಂಜಕಕ್ಕೆ 107. ಒಟ್ಟು ಸಾವಿರದ ಮೇಲೆ ಮೂವತ್ತು ನಾಲ್ವತ್ತು ರೂ.

ಇನ್ನೂ ಸುಲಭವಾಗಿ ಹೇಳುತ್ತೇನೆ. ನೀರಾವರಿ ಭತ್ತದಲ್ಲಿ ಕಾಳಿನಷ್ಟೇ ತೂಕದ ಹುಲ್ಲು ಬರುತ್ತದೆ ಎಂಬುದು ಒರಟು ಲೆಕ್ಕ. ಒಂದು ಎಕರೆಯಿಂದ ಎರಡು ಟನ್ ಹುಲ್ಲು ಎತ್ತಿದರೆ ಅದರ ಜೊತೆ 30 ಕಿಲೋ ಪೊಟ್ಯಾಷ್ ಸಾರ ಹೊಲ ಬಿಟ್ಟು ಹೋಯಿತು. 30 ಕಿಲೋ ಅಂದರೆ ಸರಿಯಾಗಿ ಒಂದು ಚೀಲ. ಎಕರೆ ಹುಲ್ಲು ಮಾರಿದವನು ಒಂದು ಚೀಲ ಪೊಟ್ಯಾಷನ್ನು ಅದೇ ಟ್ರಾಲಿಯಲ್ಲಿ ಹೇರಿ ಕಳಿಸಿದ ಹಾಗೆ. 2010ಕ್ಕೆ ಮುಂಚೆ ಆ ಚೀಲಕ್ಕೆ 223 ರೂ. ಇತ್ತು, ಆದ್ದರಿಂದ ಲೆಕ್ಕ ಹಿಡಿಯದಿದ್ದರೂ ನಡೆಯಿತು. 1700 ಆದ ಮೇಲೂ ಲೆಕ್ಕ ಹಿಡಿಯದಿದ್ದರೆ?

'ಹುಲ್ಲಿಗೇನು ಲೆಕ್ಕ ಇಡ್ತೀಯೋ ತಮ್ಮ, ಅದು ಪುಕ್ಕಟೆ ಬಂದದ್ದು' ಎಂದು ನಮ್ಮೂರಲ್ಲಿ ಒಬ್ಬ ಕಾಕಾ ಅಂದರು. ಕಾಕಾ ಒಬ್ಬರದೇ ಮಾತಲ್ಲ ಇದು. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಅಲ್ಲಿ ಹುಲ್ಲಿನಂಥದ್ದಕ್ಕೆ ಉಪ ಉತ್ಪನ್ನ ಎಂದು ಹೆಸರು. ಮುಖ್ಯ ಉತ್ಪನ್ನಕ್ಕೆ ಖರ್ಚೆಲ್ಲ ಬರೆದು, ಉಪ ಉತ್ಪನ್ನ ಮಾರಿ ಬಂದದ್ದನ್ನು ಅದರಲ್ಲಿ ಕಳೆದುಬಿಡು ಎನ್ನುತ್ತದೆ. ಗಿರಣಿಯ ಚಿಂದಿಗೆ ಈ ನಿಯಮ ಸರಿ. ಚಿಂದಿ ಮಾರಿದರೆ ಗಿರಣಿಯ ಗೋಡೆ ತೆಳ್ಳಗಾಗುವುದಿಲ್ಲ. ಹುಲ್ಲು ಮಾರಿದರೆ ಹೊಲ ತೆಳ್ಳಗಾಗುತ್ತದೆ.

ಒಣಬೇಸಾಯದವರು ಈ ವಿಷಯದಲ್ಲಿ ಜಾಣರು. ಹಿಂಗಾರಿ ಜೋಳದಲ್ಲಿ ಕಾಳು ಹೆಚ್ಚು ಕೊಡುವ ಎಷ್ಟೋ ತಳಿ ಬಂದರೂ ಬಿಜಾಪುರ, ಸೊಲ್ಲಾಪುರ ಕಡೆಯವರು ಮಾಲದಂಡಿಯನ್ನು ಬಿಟ್ಟುಕೊಡಲಿಲ್ಲ. ಅದರ ರೊಟ್ಟಿ ಚೆಂದ, ಕಣಿಕಿಯೂ ಚೆಂದ. ಎತ್ತು ಎಮ್ಮೆ ಏನು ತಿನ್ನಬೇಕು ಎಂಬುದನ್ನು ಬೀಜ ಆರಿಸುವಾಗಲೇ ಅವರು ಲೆಕ್ಕ ಹಾಕಿದ್ದರು. ಇಲ್ಲೇ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲೇ ಜೋಳದ ಮೇವಿನ ಬೆಲೆ ಕಾಳಿನ ಬೆಲೆಗಿಂತ ಜೋರಾಗಿ ಏರಿದ್ದನ್ನು ಬರೆದಿಟ್ಟಿದ್ದಾರೆ. ಕಾಲುವೆ ನೀರು ಬಂದ ಕಡೆ, ಎರಡು ಬೆಳೆ ಬಂದ ಕಡೆ, ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಕಡೆ ಈ ಜಾಣತನ ಸಡಿಲವಾಯಿತು.

ಹಾಗಾದರೆ ಗೊಬ್ಬರ ತುಟ್ಟಿಯಾದರೆ ಹುಲ್ಲೂ ತಾನಾಗಿಯೇ ತುಟ್ಟಿಯಾಗುವುದಿಲ್ಲವೇ? ಆಗುವುದಿಲ್ಲ. ಕನಿಷ್ಠ ಮಾರುವವನ ಕೈಯಲ್ಲಿ ಆಗುವುದಿಲ್ಲ. ಖರ್ಚು ಏರಿದರೆ ಸರಬರಾಜು ಇಳಿದು ಬೆಲೆ ಏರುತ್ತದೆ ಎಂದು ಫಸ್ಟ್ ಇಯರಿನಲ್ಲೇ ಓದಿದ್ದೇವೆ. ಆದರೆ ಹುಲ್ಲಿನ ರೇಟು ನೋಡಿ ಯಾರೂ ಭತ್ತ ನಾಟಿ ಮಾಡುವುದಿಲ್ಲ. ಕಾಳಿನ ರೇಟು, ಕಾಲುವೆಯ ನೀರು ನೋಡಿ ನಾಟಿ ಮಾಡುತ್ತಾರೆ. ಆದ್ದರಿಂದ ಸುಗ್ಗಿಯಲ್ಲಿ ಎಷ್ಟು ಭತ್ತವೋ ಅಷ್ಟು ಹುಲ್ಲು ಒಮ್ಮೆಗೇ ಬಂದು ಬೀಳುತ್ತದೆ. ತುಂಗಭದ್ರಾ ಎಡದಂಡೆಯಲ್ಲಿ ಎರಡನೇ ಬೆಳೆಗೆ ನೀರು ಬಿಡುವ ವರ್ಷವಾದರಂತೂ ಮಧ್ಯೆ ಸಿಗುವ ದಿನಗಳು ಬೆರಳೆಣಿಕೆಯಷ್ಟು. ಕಟಾವು ಮಶಿನ್ ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗಿರುತ್ತದೆ. ಅದನ್ನು ಬಾಚಿ ಬಣವಿ ಒಟ್ಟಲು ಆಳಿಲ್ಲ, ಇಡಲು ಜಾಗವಿಲ್ಲ, ನಿಲ್ಲಲು ಪುರುಸೊತ್ತಿಲ್ಲ. ಬಂದ ರೇಟಿಗೆ ಕೊಡು, ಇಲ್ಲಾ ಕಡ್ಡಿ ಗೀರು. ಬೆಲೆ ಕೇಳುವ ಶಕ್ತಿ ಇರುವುದು ಕಾಯುವವನಿಗೆ. ರೈತ ಕಾಯುವ ಸ್ಥಿತಿಯಲ್ಲಿಲ್ಲ.

ಅದೇ ಹುಲ್ಲು ನಾಲ್ಕು ತಿಂಗಳ ಮೇಲೆ, ಬೇಸಿಗೆಯಲ್ಲಿ, ಬೇರೆ ಬೆಲೆಯಲ್ಲಿ ತಿರುಗಿ ಬರುತ್ತದೆ. ಆಗ ಕೊಳ್ಳುವವರು ಯಾರು? ಹೊಲವಿಲ್ಲದೆ ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಮಳೆ ಕೈಕೊಟ್ಟ ಮಸ್ಕಿ, ಲಿಂಗಸುಗೂರು ಕಡೆಯ ಒಣಬೇಸಾಯದವನು. 2023ರ ಬರದಲ್ಲಿ ಕರ್ನಾಟಕ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಅಂಥ ವರ್ಷದಲ್ಲಿ ಹುಲ್ಲಿನ ಬೆಲೆಯನ್ನು ಗೊಬ್ಬರ ತೀರ್ಮಾನಿಸುವುದಿಲ್ಲ, ಎಮ್ಮೆಯ ಹೊಟ್ಟೆ ತೀರ್ಮಾನಿಸುತ್ತದೆ. ಸುಗ್ಗಿಯ ಬೆಲೆಗೂ ಬೇಸಿಗೆಯ ಬೆಲೆಗೂ ನಡುವಿನ ಅಂತರದಲ್ಲಿ ಲಾರಿ ಬಾಡಿಗೆ ಇದೆ, ಬೇಲರ್ ಖರ್ಚು ಇದೆ, ಜಾಗ ಇದ್ದವನ ಲಾಭ ಇದೆ. ಪೊಟ್ಯಾಷ್ ಕಳೆದುಕೊಂಡವನ ಪಾಲು ಮಾತ್ರ ಇಲ್ಲ.

ಹೀಗಾಗಿ ಹುಲ್ಲಿಗೆ ಬೆಂಬಲ ಬೆಲೆ ಕೊಡಿ, ರೇಟು ಏರಿಸಿ ಎಂದು ಕೂಗುವುದು ನನಗೆ ಒಪ್ಪಿಗೆಯಿಲ್ಲ. ಆ ಕೂಗಿನ ಪೆಟ್ಟು ನೇರವಾಗಿ ಎಮ್ಮೆ ಕಟ್ಟಿದ ಆ ಹೆಂಗಸಿಗೆ ಬೀಳುತ್ತದೆ. ಕಾಳು ಮಾರುವವನ ಎದುರಿಗೆ ಸಾಹುಕಾರ ನಿಂತಿರುತ್ತಾನೆ. ಹುಲ್ಲು ಮಾರುವವನ ಎದುರಿಗೆ ಎಷ್ಟೋ ಸಲ ಅವನಿಗಿಂತ ಬಡವರೇ ನಿಂತಿರುತ್ತಾರೆ. ಈ ಸೂಕ್ಷ್ಮ ಮರೆತರೆ ನಮ್ಮ ರೈತಪರ ಮಾತು ಅರ್ಧ ರೈತರ ಪರ ಮಾತ್ರ ಆದೀತು.

ಇನ್ನೊಂದು ಲೆಕ್ಕದ ಕಡೆ ನಿಮ್ಮ ಗಮನ ಎಳೆಯಬೇಕು. ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗಕ್ಕೆ ಆಧಾರ ಸಾಗುವಳಿ ವೆಚ್ಚದ ಸಮೀಕ್ಷೆ. ಆ ಸಮೀಕ್ಷೆಯಲ್ಲಿ ಒಂದು ಕ್ವಿಂಟಾಲ್ ಭತ್ತದ ಖರ್ಚು ಕಟ್ಟುವಾಗ, ಒಟ್ಟು ಖರ್ಚನ್ನು ಕಾಳಿಗೂ ಹುಲ್ಲಿಗೂ ಅವುಗಳ ಬೆಲೆಯ ಪ್ರಮಾಣದಲ್ಲಿ ಹಂಚುತ್ತಾರೆ. ಉದಾಹರಣೆಗೆ ಎಕರೆಗೆ ಖರ್ಚು 30,000, ಕಾಳಿನ ಬೆಲೆ 45,000, ಹುಲ್ಲಿನ ಬೆಲೆ 5,000 ಎಂದು ಇಟ್ಟುಕೊಳ್ಳಿ. ಹತ್ತನೇ ಒಂದು ಪಾಲು, 3,000 ಖರ್ಚು, ಹುಲ್ಲಿನ ಖಾತೆಗೆ ಹೋಯಿತು. ಕಾಳಿನ ಖಾತೆಯಲ್ಲಿ ಉಳಿದದ್ದು 27,000. ಖರ್ಚಿನ ಒಂದೂವರೆ ಪಟ್ಟು ಎಂದು 2018ರ ಬಜೆಟ್‌ನಲ್ಲಿ ಕೊಟ್ಟ ಮಾತು ಈ 27,000ಕ್ಕೆ ಮಾತ್ರ. ಹುಲ್ಲಿನ 3,000ಕ್ಕೆ ಯಾರ ಮಾತೂ ಇಲ್ಲ. ಇದರಲ್ಲಿ ಒಂದು ವಿಚಿತ್ರವೂ ಇದೆ: ಉಳಿದದ್ದೆಲ್ಲ ಇದ್ದಂತೆಯೇ ಇದ್ದು ಹುಲ್ಲಿನ ರೇಟು ಏರಿದರೆ, ಕಾಗದದ ಮೇಲೆ ಕಾಳಿನ ಖರ್ಚು ಇಳಿಯುತ್ತದೆ! ಹಂಚುವ ಪದ್ಧತಿ ತಪ್ಪು ಎಂದು ನಾನು ಹೇಳುತ್ತಿಲ್ಲ, ಯಾವ ಕಾಸ್ಟ್ ಅಕೌಂಟೆಂಟ್ ಆದರೂ ಹಾಗೇ ಹಂಚುತ್ತಾನೆ. ಆದರೆ ಹುಲ್ಲಿಗೆ ಹಂಚಿದ ಖರ್ಚು ಹುಲ್ಲಿನಿಂದ ವಾಪಸು ಬರುತ್ತದೆಂದು ಆ ಲೆಕ್ಕ ನಂಬಿಕೊಂಡಿದೆ. ಗದ್ದೆಯಲ್ಲೇ ಹುಲ್ಲು ಸುಟ್ಟವನಿಗೆ, ಟ್ರಾಲಿಗೆ ಇಷ್ಟು ಎಂದು ಕಣ್ಣಂದಾಜಿನಲ್ಲಿ ಕೊಟ್ಟವನಿಗೆ ಅದು ಬಂದಿರುವುದಿಲ್ಲ. ಅಂದರೆ ಸರ್ಕಾರದ ಪುಸ್ತಕದಲ್ಲಿ ಹುಲ್ಲಿಗೆ ಖಾತೆ ಇದೆ, ರೈತನ ಪುಸ್ತಕದಲ್ಲಿ ಇಲ್ಲ. ಸೋಲುವುದು ಯಾರೆಂದು ಬೇರೆ ಹೇಳಬೇಕೆ?

'ನಮ್ಮ ಎರೆ ಭೂಮಿಯಲ್ಲಿ ಪೊಟ್ಯಾಷ್ ಬೇಕಾದಷ್ಟಿದೆ, ಹಾಕದಿದ್ದರೂ ಬೆಳೆ ಬರುತ್ತದಲ್ಲ' ಎಂದು ಒಬ್ಬ ಗೆಳೆಯ ವಾದ ಹೂಡಿದ. ಕಪ್ಪು ಮಣ್ಣಿನಲ್ಲಿ ಪೊಟ್ಯಾಷ್ ಚೆನ್ನಾಗಿಯೇ ಇರುತ್ತದೆ, ಆ ಮಾತು ನಿಜ. ಅದಕ್ಕೆ ನನ್ನ ಉತ್ತರವೂ ಕಾಮರ್ಸಿನದೇ. ಗೋದಾಮಿನಲ್ಲಿ ಸರಕು ತುಂಬಿದೆ ಎಂದು ದಿನಾ ಒಂದೊಂದು ಮೂಟೆ ಮಾರಿ, ಬಂದದ್ದನ್ನೆಲ್ಲ ಲಾಭ ಎಂದು ಬರೆದುಕೊಳ್ಳುವ ಅಂಗಡಿಯವನನ್ನು ನಾವು ಏನೆನ್ನುತ್ತೇವೆ? ಬಂಡವಾಳ ತಿನ್ನುತ್ತಿದ್ದಾನೆ ಎನ್ನುತ್ತೇವೆ. ಮಶಿನಿಗೆ ಸವಕಳಿ ಬರೆಯುವ ನಾವು ಮಣ್ಣಿಗೆ ಯಾಕೆ ಬರೆಯುವುದಿಲ್ಲ? ಎರಡು ಬೆಳೆ ಬೆಳೆದು ಎರಡೂ ಸಲ ಹುಲ್ಲು ಹೊರಗೆ ಕಳಿಸಿದರೆ ವರ್ಷಕ್ಕೆ ಎಕರೆಗೆ ಎರಡು ಚೀಲದ ಸವಕಳಿ. ಅಪ್ಪನ ಕಾಲದಲ್ಲಿ ಕಾಣದ ಕೊರತೆ ಮಗನ ಕಾಲದಲ್ಲಿ ಕಾಣುತ್ತದೆ.

ಪೊಟ್ಯಾಷ್ ತುಟ್ಟಿ ಎಂದು ಅದನ್ನು ಬಿಟ್ಟು, ಅಗ್ಗದ ಯೂರಿಯಾವನ್ನೇ ಸುರಿಯುವುದೂ ನಡೆದಿದೆ. ಸಾರಜನಕ, ರಂಜಕ, ಪೊಟ್ಯಾಷ್ 4:2:1ರಂತೆ ಇರಬೇಕು ಎಂಬುದು ದೇಶದ ಒಟ್ಟಾರೆ ಅಳತೆ. 2010ರ ಬೆಲೆ ಬದಲಾವಣೆಯ ಮೇಲೆ, 2012-13ರಲ್ಲಿ, ಅದು 8:3:1 ದಾಟಿತ್ತು. ಯೂರಿಯಾ ಹೆಚ್ಚಾಗಿ ಪೊಟ್ಯಾಷ್ ಕಡಿಮೆಯಾದರೆ ಪೈರು ಹಸಿರಾಗಿ ಎತ್ತರ ಬೆಳೆದು ಕಾಣಲು ಚೆಂದ, ದಂಟಿಗೆ ಮಾತ್ರ ಕಸುವಿಲ್ಲ. ಗಾಳಿ ಮಳೆಗೆ ಮಲಗಿಬಿಡುತ್ತದೆ. ಮಲಗಿದ ಭತ್ತದಲ್ಲಿ ಕಾಳೂ ಹಾಳು, ಕೊಳೆತ ಹುಲ್ಲನ್ನು ಎಮ್ಮೆಯೂ ಮೂಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇಪ್ಪತ್ತು ವರ್ಷದ ಹುಡುಗ ಸರ್ಕಾರಕ್ಕೆ ಬುದ್ಧಿ ಹೇಳುವುದು ಸುಲಭ, ಆದರೂ ನಾಲ್ಕು ಮಾತು.

ಒಂದು, ಹುಲ್ಲು ಕೊಡುವಾಗ ಗೊಬ್ಬರ ವಾಪಸು ಕೇಳುವುದು. ಇದು ಹೊಸದಲ್ಲ. ಹುಲ್ಲು ಒಯ್ದವರು ತಿಪ್ಪೆ ಗೊಬ್ಬರ ಹಾಕಿಕೊಡುವುದು, ಸುಗ್ಗಿಯಾದ ಮೇಲೆ ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುವುದು ನಮ್ಮ ಹಿರಿಯರ ಬದುಕೇ ಆಗಿತ್ತು. ದನ ತಿಂದ ಪೊಟ್ಯಾಷ್ ಬಹುಪಾಲು ಸೆಗಣಿಯಲ್ಲಲ್ಲ, ಗಂಜಲದಲ್ಲಿ ಹೊರಗೆ ಬರುತ್ತದೆ. ಆದ್ದರಿಂದ ಸಿಮೆಂಟ್ ಕೊಟ್ಟಿಗೆ ತೊಳೆದು ಚರಂಡಿಗೆ ಬಿಟ್ಟರೆ ಪೊಟ್ಯಾಷೂ ಚರಂಡಿ ಪಾಲು. ಕೊಟ್ಟಿಗೆಯಲ್ಲಿ ಹೊಟ್ಟು, ಕಸ ಹಾಸಿ ಗಂಜಲ ಹಿಡಿದರೆ ಎಮ್ಮೆ ಕಟ್ಟಿದ ಹೆಂಗಸಿನ ಹತ್ತಿರವೂ ಮಾರಲು ಒಂದು ಸರಕು ಇರುತ್ತದೆ. ದುಡ್ಡಿಲ್ಲದೆಯೇ ಅರ್ಧ ವ್ಯವಹಾರ ಮುಗಿಯುತ್ತದೆ.

ಎರಡು, ಕಾಯುವ ಶಕ್ತಿ ಕೊಡುವುದು. ಬರ ಬಂದ ಮೇಲೆ ಗೋಶಾಲೆ ತೆರೆದು, ಮೇವು ಹೊರಗೆ ಹೋಗದಂತೆ ಆಜ್ಞೆ ಹೊರಡಿಸುವ ಬದಲು, ಸುಗ್ಗಿಯಲ್ಲೇ ಹುಲ್ಲು ಕೊಂಡು ಒಟ್ಟುವ ಮೇವು ಬ್ಯಾಂಕುಗಳನ್ನು ಹಾಲಿನ ಸಹಕಾರ ಸಂಘಗಳೇ ನಡೆಸಬಹುದು. ಮಾರುವವನಿಗೆ ಸುಗ್ಗಿಯಲ್ಲಿ ಒಂದಿಷ್ಟು ಹೆಚ್ಚು, ಕೊಳ್ಳುವವಳಿಗೆ ಬೇಸಿಗೆಯಲ್ಲಿ ಒಂದಿಷ್ಟು ಕಡಿಮೆ. ಅಂತರ ಕುಗ್ಗಿದರೆ ಇಬ್ಬರೂ ಬದುಕುತ್ತಾರೆ.

ಮೂರು, ಯೂರಿಯಾಕ್ಕೂ ಪೊಟ್ಯಾಷಿಗೂ ಸರ್ಕಾರ ಇಟ್ಟಿರುವ ಭೇದ ಕಡಿಮೆಯಾಗಬೇಕು. ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಸಂತೆಗೆ ಬಿಟ್ಟರೆ ಹೊಲದಲ್ಲಿ ತೂಕ ತಪ್ಪುತ್ತದೆ.

ನಾಲ್ಕು, ಸುಡುವುದರ ಬಗ್ಗೆ. ಸುಟ್ಟರೆ ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ, ಹುಲ್ಲು ಮಾರುವುದಕ್ಕಿಂತ ಸುಡುವುದೇ ವಾಸಿ ಎಂದು ನನ್ನ ಲೆಕ್ಕವನ್ನೇ ಹಿಡಿದು ಯಾರಾದರೂ ವಾದ ಮಾಡಬಹುದು. ಸಾರಜನಕ ಹೆಚ್ಚು ಕಡಿಮೆ ಪೂರಾ ಹೊಗೆಯಾಗಿ ಹೋಗುತ್ತದೆ, ಒಂದು ಎಮ್ಮೆಯ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಸುಡುವವನಿಗೆ ದಂಡ ಹಾಕುವ ಮುಂಚೆ, ಅವನ ಹುಲ್ಲಿಗೆ ಸುಗ್ಗಿಯಲ್ಲಿ ಎಷ್ಟು ರೇಟು ಇತ್ತು ಎಂದು ಕೇಳುವುದು ನ್ಯಾಯ.

ನಮ್ಮ ಬಳಗದ ಗೆಳೆಯರಿಗೆ ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ರಜಕ್ಕೆ ಊರಿಗೆ ಹೋದಾಗ ಮನೆಯಲ್ಲಿ ಮೂರೇ ಪ್ರಶ್ನೆ ಕೇಳಿ: ಹುಲ್ಲು ಎಷ್ಟು ಹೋಯಿತು, ಎಷ್ಟಕ್ಕೆ ಹೋಯಿತು, ಹೊಲಕ್ಕೆ ವಾಪಸು ಏನು ಬಂತು? ಉತ್ತರಗಳನ್ನು ಗೊಬ್ಬರದ ಬಿಲ್ಲಿನ ಹಿಂಭಾಗದಲ್ಲೇ ಬರೆದುಕೊಂಡು ಬನ್ನಿ. ಹತ್ತು ಊರಿನದು ಸೇರಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಕವಿತೆಗಳಿಗೆ ಜಾಗ ಕಡಿಮೆಯಾದೀತು ಎಂದು ಸಂಪಾದಕರು ಗೊಣಗಿದರೆ ಒಂದು ಪುಟ ಹೆಚ್ಚಿಗೆ ಹಾಕಲಿ, ಆ ಸ್ಟೆನ್ಸಿಲಿನ ಖರ್ಚು ನಾನು ಕೊಡುತ್ತೇನೆ.